ಮೂವತ್ತೊಂದನೆಯ ಪುಟದ ಹಲ್ಲಿನ ವಿಮೆ

ಓದುಗ ಮಹಾಶಯರಲ್ಲಿ ಮೊದಲಿಗೆ ಒಂದು ಅರಿಕೆ. ನಾನು ಬರಹಗಾರನಲ್ಲ. ತಿ. ನರಸೀಪುರದ ಒಂದು ಖಾಸಗಿ ಕಾಲೇಜಿನಲ್ಲಿ ಗುಮಾಸ್ತ. ವರ್ಗಾವಣೆ ಪತ್ರ, ನಡತೆ ಪ್ರಮಾಣಪತ್ರ, ಹಾಜರಾತಿ ಕೊರತೆಯ ನೋಟೀಸು ಇವಿಷ್ಟೇ ನಾನು ಈವರೆಗೆ ರಚಿಸಿರುವ ಸಾಹಿತ್ಯ. ಆದ್ದರಿಂದ ಮುಂದಿನ ನಿರೂಪಣೆಯಲ್ಲಿ ಭಾಷೆ ಅಲ್ಲಲ್ಲಿ ಆಫೀಸಿನ ವಾಸನೆ ಹೊಡೆದರೆ, ಹೇಳಬೇಕಾದ್ದು ಬಿಟ್ಟು ಹೇಳಬಾರದ್ದು ಬಂದಿದ್ದರೆ, ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು. ಒಂದು ಭರವಸೆಯನ್ನು ಮಾತ್ರ ಕೊಡಬಲ್ಲೆ. ಈ ಸಲ ನಾನು ಯಾವ ಪುಟವನ್ನೂ ಬಿಟ್ಟಿಲ್ಲ.

ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮುಂದೆ ಸಂಭವಿಸಿದ ಅನಾಹುತಕ್ಕೆ ಇದೇ ಮೂಲಕಾರಣವಾದ್ದರಿಂದ ದಾಖಲಿಸುತ್ತಿದ್ದೇನೆ. ನಮ್ಮೂರು ನಂಜನಗೂಡು ತಾಲ್ಲೂಕಿನ ಹೆಡತಲೆ. ನಾನು ಬಿ.ಎ. ಪಾಸಾದ ದಿನದಿಂದ ನಮ್ಮ ಬೀದಿಯ ಯಾವ ಮನೆಗೆ ಯಾವ ಕಾಗದ ಬಂದರೂ ಅದು ಮೊದಲು ನನ್ನ ಕೈಗೆ ಬರುತ್ತಿತ್ತು. ಪಹಣಿ, ಕೋರ್ಟಿನ ನೋಟೀಸು, ಹೊಸ ಮಿಕ್ಸಿಯ ಜೊತೆ ಬಂದ ಪುಸ್ತಕ, ಎಲ್ಲವೂ. "ಶಿವಮಲ್ಲು ಓದವ್ನೆ, ಕೇಳ್ಬುಡು ಓಗು" ಎನ್ನುತ್ತಿದ್ದರು. ನಾನು ಕಾಗದವನ್ನು ಮುಖದಿಂದ ಒಂದಡಿ ದೂರ ಹಿಡಿದು, ಎರಡು ಸಲ "ಹ್ಞೂಂ" ಎಂದು, ಮೂರನೆಯ ಸಲ ಏನಾದರೊಂದು ಹೇಳುತ್ತಿದ್ದೆ. ಅರ್ಥವಾಗಲಿಲ್ಲ ಎಂದು ಹೇಳುವ ಸೌಲಭ್ಯ ಪದವೀಧರನಿಗಿಲ್ಲ!

ನಾನು ಇಂಗ್ಲಿಷ್ ಪತ್ರಿಕೆಯಲ್ಲಿ ಪಾಸಾದ ವಿಧಾನವನ್ನೂ ಇಲ್ಲಿಯೇ ನಿವೇದಿಸಿಬಿಡುತ್ತೇನೆ. ಒಂದು ಗದ್ಯಭಾಗ ಕೊಟ್ಟು ಅದರ ಕೆಳಗೆ ಐದು ಪ್ರಶ್ನೆ ಕೇಳುತ್ತಾರಲ್ಲವೆ? ಪ್ರಶ್ನೆಯಲ್ಲಿರುವ ಅತಿ ದೊಡ್ಡ ಪದವನ್ನು ಹಿಡಿದುಕೊಳ್ಳಬೇಕು. ಆ ಪದ ಗದ್ಯದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಬೇಕು. ಸಿಕ್ಕಿದ ವಾಕ್ಯವನ್ನು ಚುಕ್ಕೆಯಿಂದ ಚುಕ್ಕೆಯವರೆಗೆ ಇಳಿಸಿಬಿಡಬೇಕು. ಉತ್ತರ ಸರಿ! ಈ ವಿಧಾನ ಮೂರು ವರ್ಷ ನನ್ನನ್ನು ಕೈಬಿಡಲಿಲ್ಲ. ಜೀವನದಲ್ಲಿಯೂ ಕೈಬಿಡದು ಎಂದು ನಂಬಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಸಾರ ಈಗ ನರಸೀಪುರದಲ್ಲಿ. ನಮಗೆ ಒಬ್ಬಳೇ ಮಗಳು, ಚಂದನ. ವಯಸ್ಸು ಹನ್ನೆರಡು. ಅವಳ ಮೇಲಿನ ಸಾಲಿನ ಹಲ್ಲುಗಳು ತುಸು ಮುಂದಕ್ಕೆ ಉಬ್ಬಿದ್ದವು. ನಾವು ಅದನ್ನು ಲಕ್ಷಿಸಿರಲಿಲ್ಲ. ನಮ್ಮಪ್ಪನಿಗೂ ಹಾಗೇ ಇತ್ತು, ಅವರು ಎಂಬತ್ತರವರೆಗೆ ಅದೇ ಹಲ್ಲಿನಲ್ಲಿ ಕಬ್ಬು ಸಿಗಿದು ತಿಂದರು. ಆದರೆ ಏಳನೆಯ ತರಗತಿಯಲ್ಲಿ ಯಾರೋ ಅವಳನ್ನು "ಹಲ್ಲುಬ್ಬಿ" ಎಂದು ಕರೆದರು. ಅಂದಿನಿಂದ ಅವಳು ನಗುವಾಗ ಕೈ ಅಡ್ಡ ಹಿಡಿಯತೊಡಗಿದಳು. ಆಮೇಲೆ ಮಾತಾಡುವಾಗಲೂ ಹಿಡಿಯತೊಡಗಿದಳು. ಕೊನೆಗೆ ಕೈ ಅಡ್ಡ ಹಿಡಿಯುವ ಅಗತ್ಯವೇ ಬೀಳದಂತೆ, ನಗುವುದನ್ನೂ ಮಾತಾಡುವುದನ್ನೂ ಕಡಿಮೆ ಮಾಡಿದಳು.

ನನ್ನ ಹೆಂಡತಿ ಭಾಗ್ಯ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳ ಕಣ್ಣು ನೂಲಿನಷ್ಟೇ ಸಣ್ಣದನ್ನೂ ಬಿಡುವುದಿಲ್ಲ.

"ರೀ, ಮಗು ಮನೇಲಿ ಒಂದು ಮಾತಾಡ್ತಿಲ್ಲ. ನಡೀರಿ, ಹಲ್ಲಿನ ಡಾಕ್ಟ್ರಿಗೆ ತೋರಿಸೋಣ" ಎಂದಳು.

ನಂಜನಗೂಡಿನಲ್ಲಿ ಒಬ್ಬರು ವೈದ್ಯೆ ಹಲ್ಲುಗಳನ್ನು ಸಾಲಿಗೆ ತರುವುದರಲ್ಲಿ ನಿಪುಣರೆಂದು ಕೇಳಿದ್ದೆವು. ಶಿವರಾತ್ರಿ ಕಳೆದ ವಾರ ಬಸ್ಸು ಹತ್ತಿ ಹೋದೆವು. ಅವರು ಚಂದನಳ ಬಾಯಿ ನೋಡಿ, ಎಕ್ಸ್-ರೇ ತೆಗೆಸಿ, ನನಗೂ ತಿಳಿಯುವಂತೆ ವಿವರಿಸಿದರು.

"ಇವಳಿಗೆ ಕ್ಲಿಪ್ ಹಾಕಬೇಕು. ಈಗ ದವಡೆ ಬೆಳೆಯೋ ವಯಸ್ಸು. ಈ ವರ್ಷದೊಳಗೆ ಶುರು ಮಾಡಿದ್ರೆ ಇರೋ ಹಲ್ಲನ್ನೇ ಸರಿ ಮಾಡ್ಕೋಬಹುದು. ತಡ ಮಾಡಿದ್ರೆ ಜಾಗ ಸಾಲದೆ ನಾಲ್ಕು ಒಳ್ಳೇ ಹಲ್ಲು ಕೀಳಬೇಕಾಗಬಹುದು."

ಕೀಳುವುದು ಎಂಬ ಪದ ಕೇಳಿ ಚಂದನ ತಾಯಿಯ ಸೆರಗು ಹಿಡಿದುಕೊಂಡಳು. ವೈದ್ಯರು ಚಿಕಿತ್ಸೆಯ ದಾಖಲೆಗೆಂದು ಅವಳ ಫೋಟೊ ತೆಗೆದರು. ತುಟಿ ಮುಚ್ಚಿದ ಫೋಟೊ ಬಂತು. ನಗುವ ಫೋಟೊವೂ ಒಂದು ಬೇಕಂತೆ. "ನಗು ಪುಟ್ಟ" ಎಂದರು. ಚಂದನ ನಗಲಿಲ್ಲ. ವೈದ್ಯರು ಜೋಕು ಹೇಳಿದರು. ನಾನು ನಕ್ಕೆ. ಚಂದನ ನಗಲಿಲ್ಲ! "ಪರವಾಗಿಲ್ಲ, ಮುಂದಿನ ಸಲ" ಎಂದು ಕ್ಯಾಮೆರಾ ಇಳಿಸಿದರು.

ಹೊರಗೆ ಕೌಂಟರಿನಲ್ಲಿದ್ದ ಯುವತಿ ಖರ್ಚು ಹೇಳಿ, "ಪ್ರತಿ ತಿಂಗಳು ಬಂದಾಗ ಸ್ವಲ್ಪಸ್ವಲ್ಪ ಕಟ್ಕೊಂಡು ಹೋಗಬಹುದು ಸರ್" ಎಂದಳು. ಭಾಗ್ಯ ಆಗಲೇ ತಲೆಯಾಡಿಸಿಬಿಟ್ಟಿದ್ದಳು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಆ ಯುವತಿ ಅಭ್ಯಾಸಬಲದಿಂದ ಇನ್ನೊಂದು ಮಾತು ಸೇರಿಸಿದಳು. "ಇನ್ಸೂರೆನ್ಸ್ ಏನಾದ್ರೂ ಇದೆಯಾ ಸರ್?"

ನಮ್ಮ ಹಿಂದೆ ಇಬ್ಬರು ಕಾಯುತ್ತಿದ್ದರು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ.

"ಆ ಬಗ್ಗೆ ಪರಿಶೀಲನೆ ನಡೆಯುತ್ತಿದೆ" ಎಂದೆ.

ಬಸ್ಸಿನಲ್ಲಿ ಭಾಗ್ಯ ಕೇಳಿದಳು, "ಯಾವ ಪರಿಶೀಲನೆ ರೀ? ಎಲ್ಲಿ ನಡೀತಿದೆ?"

"ಇಲ್ಲಿ" ಎಂದು ತಲೆ ಮುಟ್ಟಿ ತೋರಿಸಿದೆ. "ಹೇಗೂ ಆರೋಗ್ಯ ವಿಮೆ ಮಾಡಿಸಬೇಕು. ಹಲ್ಲಿಗೂ ಅನ್ವಯಿಸುವಂಥದ್ದನ್ನು ಆರಿಸಿದರೆ ಎರಡೂ ಆಯಿತು. ಕಂತಿನಲ್ಲಿ ಕಟ್ಟುವುದು ಪದವೀಧರನಿಗೆ ಶೋಭೆಯಲ್ಲ."

"ಹಲ್ಲು ಅವಳ್ದು. ಶೋಭೆ ನಿಮ್ದಾ?" ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಪರಿಶೀಲನೆ ನಾಲ್ಕು ತಿಂಗಳು ನಡೆಯಿತು. ಏಜೆಂಟರನ್ನು ಕೇಳಬಹುದಿತ್ತು. ಆದರೆ ಊರಿಗೆಲ್ಲ ಅರ್ಜಿ ತುಂಬಿಕೊಡುವವನು ತನ್ನ ಅರ್ಜಿಗೆ ಇನ್ನೊಬ್ಬರ ಮುಖ ನೋಡುವುದೆ? ಮೂರು ಕಂಪನಿಗಳ ಪಾಲಿಸಿ ಪುಸ್ತಕಗಳನ್ನು ಮೊಬೈಲಿಗೆ ಇಳಿಸಿಕೊಂಡೆ. ಒಂದೊಂದೂ ನಲವತ್ತು ಐವತ್ತು ಪುಟ, ಇಂಗ್ಲಿಷು, ಇರುವೆ ಸಾಲಿನಂಥ ಅಕ್ಷರ. ದಿನಾ ಸಂಜೆ ಕನ್ನಡಕ ಏರಿಸಿ ಕೂರುತ್ತಿದ್ದೆ. ಮೊದಲ ಪುಟದ ಮೊದಲ ವಾಕ್ಯ ಹನ್ನೊಂದು ಸಾಲು ಉದ್ದವಿತ್ತು. ಅದರ ಕ್ರಿಯಾಪದ ಸಿಗುವಷ್ಟರಲ್ಲಿ ಕರ್ತೃ ಯಾರೆಂದು ಮರೆತುಹೋಗುತ್ತಿತ್ತು.

ಆಗ ಹಳೆಯ ವಿಧಾನ ನೆನಪಾಯಿತು. ದೊಡ್ಡ ಪದ ಹುಡುಕು!

ಜೆರಾಕ್ಸ್ ಅಂಗಡಿಗೆ ಹೋದೆ. ಹಲ್ಲು ಸರಿಪಡಿಸುವ ಚಿಕಿತ್ಸೆಗೆ ವೈದ್ಯರ ಚೀಟಿಯಲ್ಲಿ "ಆರ್ಥೊಡಾಂಟಿಕ್" ಎಂಬ ಪದವಿತ್ತು. ಅಂಗಡಿಯವನಿಗೆ ಮೂರೂ ಪುಸ್ತಕಗಳಲ್ಲಿ ಅದನ್ನು ಹುಡುಕಲು ಹೇಳಿದೆ. ಮೊದಲ ಕಂಪನಿಯ ಪುಸ್ತಕದಲ್ಲಿ ಆ ಪದ ಇಲ್ಲ. ಎರಡನೆಯದರಲ್ಲಿಯೂ ಇಲ್ಲ. ಮೂರನೆಯದರಲ್ಲಿ, ಒಂದೇ ಒಂದು ಕಡೆ, ಮೂವತ್ತೊಂದನೆಯ ಪುಟದಲ್ಲಿ, ಹಳದಿ ಬಣ್ಣದಲ್ಲಿ ಥಳಥಳನೆ ಹೊಳೆಯಿತು! ಉಳಿದ ಇಬ್ಬರು ಹಲ್ಲಿನ ವಿಚಾರದಲ್ಲಿ ಬಾಯಿಯನ್ನೇ ಬಿಟ್ಟಿಲ್ಲ; ಈ ಕಂಪನಿ ಮಾತ್ರ ಮರೆಮಾಚದೆ ಬರೆದಿದೆ. ಎಂಥ ಪ್ರಾಮಾಣಿಕತೆ!

"ಪೂರ್ತಿ ಪ್ರಿಂಟ್ ಹಾಕ್ಲಾ ಸಾ? ನಲವತ್ತೆಂಟು ಪುಟ ಅದೆ" ಎಂದ ಅಂಗಡಿಯವನು.

"ಬೇಡ. ಆ ಒಂದು ಪುಟ ಸಾಕು. ಅದಕ್ಕೆ ಲ್ಯಾಮಿನೇಷನ್ ಮಾಡಿಬಿಡಿ."

ಮನೆಗೆ ಬಂದು ಅವ್ವನ ಮುಂದೆ ಇಟ್ಟೆ. ಅವ್ವ ಲ್ಯಾಮಿನೇಷನ್ ಆದ ಯಾವುದನ್ನೂ ಲಘುವಾಗಿ ಕಾಣುವವಳಲ್ಲ. ನನ್ನ ಪದವಿ ಪತ್ರದ ನಂತರ ಮನೆಗೆ ಬಂದ ಎರಡನೆಯ ಲ್ಯಾಮಿನೇಷನ್ ಅದು. ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಒರಗಿಸಿದಳು.

ಭಾಗ್ಯ ಎತ್ತಿಕೊಂಡು ನೋಡಿದಳು. "ಇದು ಹದಿನಾಲ್ಕನೇ ನಂಬರಿನಿಂದ ಶುರುವಾಗಿದೆಯಲ್ರೀ. ಒಂದರಿಂದ ಹದಿಮೂರು ಎಲ್ಲಿ?"

"ಅವು ನಮಗೆ ಸಿಲಬಸ್ಸಿನಲ್ಲಿಲ್ಲ" ಎಂದೆ.

ಇನ್ನು ಆ ಪುಟದಲ್ಲಿ ಏನಿತ್ತೆಂಬುದನ್ನು ಹೇಳಬೇಕು. ನಿಘಂಟು ಇಟ್ಟುಕೊಂಡು ಅಕ್ಷರಶಃ ಕನ್ನಡಕ್ಕೆ ಇಳಿಸಿದ್ದೆ. ಮರುದಿನ ಬೆಳಗ್ಗೆ ನಮ್ಮ ಪಕ್ಕದ ಮನೆಯ ಪುಟ್ಟಮಾದಪ್ಪನವರಿಗೆ ನದಿಯ ಕಡೆ ವಾಯುಸಂಚಾರದಲ್ಲಿ ಅದನ್ನು ಓದಿ ಹೇಳಿದೆ. ಅವರು ನಿವೃತ್ತ ಬಸ್ ಕಂಡಕ್ಟರು. ಮೂವತ್ತು ವರ್ಷ ಜನರ ಮುಖ ನೋಡಿ ಟಿಕೆಟ್ ತೆಗೆದುಕೊಂಡಿದ್ದಾರೋ ಇಲ್ಲವೋ ಎಂದು ಹೇಳುತ್ತಿದ್ದವರು.

"ಹದಿನಾಲ್ಕು. ಯುದ್ಧ, ಪರದೇಶದ ಆಕ್ರಮಣ, ಅಂತರ್ಯುದ್ಧ."

"ಇದ್ಕೆಲ್ಲ ಕೊಟ್ಟಾರ ಸಾ?"

"ಬರೆದಿದೆಯಲ್ಲ. ಹದಿನೈದು. ಅಣ್ವಸ್ತ್ರ ಸ್ಫೋಟ ಮತ್ತು ವಿಕಿರಣ."

ಪುಟ್ಟಮಾದಪ್ಪನವರು ನಿಂತರು. "ಅಲ್ಲಾ ಸಾ, ನರಸೀಪುರದ್ ಮ್ಯಾಲೆ ಬಾಂಬ್ ಬಿದ್ಬುಟ್ರೆ, ಈ ಕಾಗ್ದ ತೋರ್ಸಕೆ ನಾವ್ ಎಲ್ಲಿರ್ತೀವಿ? ನೋಡಕೆ ಅವ್ರೆಲ್ಲಿರ್ತಾರೆ?"

"ಅದು ಕಂಪನಿಯ ದೂರದೃಷ್ಟಿ" ಎಂದು ಮುಂದುವರಿಸಿದೆ. "ಹದಿನಾರು. ಪರ್ವತಾರೋಹಣ, ಪ್ಯಾರಾಚೂಟ್ ಜಿಗಿತ, ಕುದುರೆ ಪಂದ್ಯ. ಹದಿನೇಳು. ಅಪರಾಧ ಎಸಗುವಾಗ ಉಂಟಾದ ಗಾಯ."

"ಅಂದ್ರೆ, ಕಳ್ತನಕ್ಕೋಗಿ ಕಾಂಪೌಂಡ್ ಆರಿ ಕಾಲ್ ಮುರ್ಕಂಡ್ರೂ ಕೊಟ್ಟಾರಾ?"

ನನಗೂ ಅಲ್ಲಿ ಒಂದು ಕ್ಷಣ ಅಳುಕಾಯಿತು. ಆದರೆ ಬೇಗ ಸಾವರಿಸಿಕೊಂಡೆ. "ನೋಡಿ, ಆಸ್ಪತ್ರೆಗೆ ಕಳ್ಳನೂ ಒಂದೇ, ಸಾಧುವೂ ಒಂದೇ. ವಿಮೆಯ ತತ್ವವೇ ಅದು. ಹದಿನೆಂಟು. ಮದ್ಯಪಾನದಿಂದ ಬಂದ ಕಾಯಿಲೆ."

"ಏನ್ ಧರ್ಮಾತ್ಮರು ಸಾ!" ಎಂದು ಪುಟ್ಟಮಾದಪ್ಪನವರು ಕೈ ಮುಗಿದರು. ಅವರ ಮುಖದಲ್ಲಿ ಒಂದು ಭಾವವಿತ್ತು. ಅದು ಭಕ್ತಿಯೆಂದು ನಾನು ತೀರ್ಮಾನಿಸಿದೆ.

"ಹತ್ತೊಂಬತ್ತು. ಇದು ಮುಖ್ಯ. ಹಲ್ಲಿನ ಕ್ಲಿಪ್ ಚಿಕಿತ್ಸೆ, ಕೃತಕ ದಂತ. ಅಪಘಾತದಿಂದ ಉಂಟಾದವುಗಳನ್ನು ಹೊರತುಪಡಿಸಿ. ಇಪ್ಪತ್ತು. ಕನ್ನಡಕ, ಕಿವಿಯ ಯಂತ್ರ."

"ಹಂಗಾದ್ರೆ ನಾನೂ ಸೇರ್ಕತೀನಿ ಸಾ. ನಂಗೂ ಕಿವಿ ಮಂದ ಆಗದೆ" ಎಂದರು.

ಒಬ್ಬ ಹಿರಿಯರಿಗೆ ದಾರಿ ತೋರಿಸಿದ ಧನ್ಯತೆಯಲ್ಲಿ ಅಂದು ಎರಡು ಇಡ್ಲಿ ಹೆಚ್ಚಾಗಿ ತಿಂದೆ.

ಪಾಲಿಸಿ ಕೊಳ್ಳುವುದಕ್ಕೆ ಮುಹೂರ್ತದ ತೊಡಕು ಬಂತು. ನಾನು ಸಿದ್ಧನಾದಾಗ ಆಷಾಢ ಹಿಡಿದಿತ್ತು. "ಆಸಾಡ್ದಲ್ಲಿ ಒಸ ಕೆಲ್ಸ ಇಡೀಬ್ಯಾಡ ಕಲಾ ಮಗ" ಎಂದಳು ಅವ್ವ. ನಾನು ವೈಚಾರಿಕ ಮನೋಭಾವದವನಾದರೂ, ಲ್ಯಾಮಿನೇಷನ್ನಿಗೆ ದಿನಾ ಹೂ ಮುಡಿಸುತ್ತಿರುವವಳ ಮಾತನ್ನು ಮೀರುವುದು ಹೇಗೆ? ಶ್ರಾವಣದ ಮೊದಲ ಸೋಮವಾರ ಹಣ ಕಟ್ಟಿದೆ.

ಎರಡು ದಿನ ಬಿಟ್ಟು ಕಂಪನಿಯಿಂದ ಫೋನು ಬಂತು. ನಾನು ಕಾಲೇಜಿನ ಆಫೀಸಿನಲ್ಲಿದ್ದೆ. ಮೂವರು ಅಧ್ಯಾಪಕರು ಪಕ್ಕದಲ್ಲೇ ಟೀ ಕುಡಿಯುತ್ತಿದ್ದರು. ಅತ್ತ ಕಡೆಯ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಶುರುಮಾಡಿ, ನನ್ನ ಉಸಿರು ಕೇಳಿಯೇ ಕನ್ನಡಕ್ಕೆ ಬಂದಳು.

"ಸರ್, ಪಾಲಿಸಿಯ ಎಲ್ಲಾ ಷರತ್ತು ಓದಿ ಅರ್ಥ ಮಾಡ್ಕೊಂಡಿದ್ದೀರಾ? ಯಾವುದಕ್ಕೆ ಕ್ಲೇಮ್ ಸಿಗುತ್ತೆ, ಯಾವುದಕ್ಕೆ ಸಿಗಲ್ಲ ಅಂತ ಒಂದ್ಸಲ ಹೇಳ್ಲಾ?"

ಭೂಲೋಕದಲ್ಲಿ ನನ್ನನ್ನು ಉಳಿಸಲು ಯಾರಾದರೂ ಕೈ ಚಾಚಿದ್ದರೆ ಅದು ಆಕೆ. ಅಧ್ಯಾಪಕರು ನನ್ನ ಕಡೆ ನೋಡಿದರು.

"ಅಗತ್ಯವಿಲ್ಲ. ಸಂಪೂರ್ಣವಾಗಿ ಮನನ ಮಾಡಿಕೊಂಡಿದ್ದೇನೆ" ಎಂದೆ.

"ಏನಾದ್ರೂ ಡೌಟ್ ಇದ್ರೆ..."

"ಇಲ್ಲ!"

ಒಂದು ವಿಷಯವನ್ನು ಮಾತ್ರ ಆಕೆ ಹೇಳಿಯೇ ಬಿಟ್ಟಳು. ಮೊದಲ ಮೂವತ್ತು ದಿನ ಕಾಯಬೇಕಂತೆ, ಆ ಅವಧಿಯಲ್ಲಿ ಕ್ಲೇಮ್ ಇಲ್ಲವಂತೆ. ನಾನು ಅದನ್ನು ಶ್ರದ್ಧೆಯಿಂದ ಸ್ವೀಕರಿಸಿದೆ. ಹೊಸ ಸಿಮೆಂಟಿಗೆ ನೀರು ಹಾಕಿ ಬಿಡುವುದಿಲ್ಲವೆ? ಹಾಗೆ ಪಾಲಿಸಿ ಗಟ್ಟಿಯಾಗಲೆಂದು ಬಿಟ್ಟೆ.

ಆದರೆ ಹತ್ತೊಂಬತ್ತನೆಯ ಅಂಶದ ಬಾಲ ನನ್ನನ್ನು ಕೊರೆಯತೊಡಗಿತು. "ಅಪಘಾತದಿಂದ ಉಂಟಾದವುಗಳನ್ನು ಹೊರತುಪಡಿಸಿ." ಅಂದರೆ ಚಂದನ ಎಲ್ಲಾದರೂ ಬಿದ್ದು ಹಲ್ಲಿಗೆ ಪೆಟ್ಟು ಮಾಡಿಕೊಂಡರೆ ಎಲ್ಲವೂ ನೀರುಪಾಲು! ಅಂದೇ ಅವಳ ಸೈಕಲ್ಲಿಗೆ ಬೀಗ ಹಾಕಿದೆ. ಹಗ್ಗದಾಟ ನಿಷೇಧಿಸಿದೆ. ಖೋ ಖೋ ತಂಡದಿಂದ ಹೆಸರು ತೆಗೆಸಿದೆ. ಬಚ್ಚಲಿನಲ್ಲಿ ಜಾರಬಾರದೆಂದು ಗೋಣಿಚೀಲ ಹಾಸಿದೆ. ಆ ಗೋಣಿಚೀಲಕ್ಕೆ ಎಡವಿ ನಾನೇ ಬಿದ್ದೆ. ನನ್ನ ಹಲ್ಲಿಗೆ ಏನೂ ಆಗಲಿಲ್ಲ, ಮೊಣಕಾಲಿಗೆ ಆಯಿತು.

"ಅಪ್ಪ, ಸೈಕಲ್ ಇಲ್ಲದೆ ಟ್ಯೂಷನ್ನಿಗೆ ನಡ್ಕೊಂಡು ಹೋಗ್ಬೇಕು" ಎಂದಳು ಚಂದನ, ಕೈ ಬಾಯಿಗೆ ಅಡ್ಡ ಹಿಡಿದು.

"ನಿನ್ನ ಒಳ್ಳೆಯದಕ್ಕೇ ಮಗಳೇ. ಇನ್ನು ಇಪ್ಪತ್ತೆರಡು ದಿನ."

ಮೂವತ್ತು ದಿನ ಮುಗಿಯುವಷ್ಟರಲ್ಲಿ ಗೌರಿಹಬ್ಬ ಬಂತು, ಅದರ ಬೆನ್ನಿಗೇ ಪಿತೃಪಕ್ಷ. ಅದು ಕಳೆಯುವಷ್ಟರಲ್ಲಿ ಕಾಲೇಜಿನಲ್ಲಿ ಪರೀಕ್ಷಾ ಶುಲ್ಕದ ಕೆಲಸ ಬಂತು. ಆಮೇಲೆ ದಸರಾ. ಅಷ್ಟರಲ್ಲಿ ಭಾಗ್ಯ ನನ್ನೊಡನೆ ಹಲ್ಲಿನ ವಿಷಯ ಮಾತಾಡುವುದನ್ನೇ ಬಿಟ್ಟಿದ್ದಳು. ಒಂದು ದಿನ ಹೊಲಿಗೆ ಯಂತ್ರ ತುಳಿಯುತ್ತಲೇ, ತಲೆ ಎತ್ತದೆ ಇಷ್ಟು ಹೇಳಿದಳು. "ಡಾಕ್ಟ್ರು ವರ್ಷದೊಳಗೆ ಅಂದಿದ್ರು. ಕೀಳೋ ಹಂಗಾದ್ರೆ, ಆ ನಾಲ್ಕು ಹಲ್ಲು ತಂದು ನಿಮ್ಮ ಲ್ಯಾಮಿನೇಷನ್ ಮುಂದೆ ಇಡ್ತೀನಿ."

ಆ ವಾರವೇ ನಂಜನಗೂಡಿಗೆ ಹೊರಟೆವು.

ಅವ್ವನೂ ಬಂದಳು, ರೇಷ್ಮೆ ಸೀರೆ ಉಟ್ಟು. ವಿಮೆಯ ಪುಟವನ್ನು ಟವಲಿನಲ್ಲಿ ಸುತ್ತಿ ಎದೆಗವುಚಿಕೊಂಡು ಬಸ್ಸಿನಲ್ಲಿ ಕುಳಿತಿದ್ದಳು. ಕ್ಲಿನಿಕ್ಕಿನಲ್ಲಿ ಅದೇ ಯುವತಿ ಇದ್ದಳು. ನಾನು ಗಂಟಲು ಸರಿಪಡಿಸಿಕೊಂಡು, ಹಿಂದೆ ಕಾಯುತ್ತಿದ್ದವರಿಗೂ ಕೇಳಿಸುವಂತೆ, "ನಮ್ಮದು ವಿಮೆಯ ಪ್ರಕರಣ" ಎಂದೆ. ಅವ್ವ ಟವಲು ಬಿಚ್ಚಿ ಪುಟವನ್ನು ಎರಡೂ ಕೈಯಲ್ಲಿ ನೀಡಿದಳು. ಒಂದು ಮಲ್ಲಿಗೆ ಎಸಳು ಕೌಂಟರಿನ ಮೇಲೆ ಬಿತ್ತು.

ಯುವತಿ ಕುಂಕುಮ ತಾಗದಂತೆ ಹಿಡಿದು ಓದಿದಳು. ಮತ್ತೊಮ್ಮೆ ಓದಿದಳು. ನನ್ನ ಮುಖ ನೋಡಿದಳು.

"ಸರ್... ಇದರ ಹಿಂದಿನ ಪುಟ ಎಲ್ಲಿದೆ?"

"ಅದು ಬೇಕಾಗುವುದಿಲ್ಲ. ಹತ್ತೊಂಬತ್ತನೆಯ ಅಂಶ ನೋಡಿ."

"ನೋಡಿದೆ ಸರ್. ಹಿಂದಿನ ಪುಟ ಮೊಬೈಲಲ್ಲಿ ಇದೆಯಾ?"

ಪಾಲಿಸಿ ಪುಸ್ತಕವನ್ನು ಅವಳ ಕಂಪ್ಯೂಟರಿಗೆ ಕಳಿಸಿದೆ. ಅವಳು ಮೂವತ್ತನೆಯ ಪುಟ ತೆಗೆದು, ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಏನೂ ಹೇಳಲಿಲ್ಲ. ನನ್ನ ಮರ್ಯಾದೆ ಉಳಿಸಲೆಂದು ಹೇಳಲಿಲ್ಲ ಎಂಬುದು ಈಗ ತಿಳಿಯುತ್ತದೆ. ನಾನು ಕನ್ನಡಕ ಹುಡುಕುತ್ತಿದ್ದೆ. ಅಷ್ಟರಲ್ಲಿ ಇಂಗ್ಲಿಷ್ ಮಾಧ್ಯಮದ ಎಂಟನೆಯ ತರಗತಿಯ ಚಂದನ ಮುಂದೆ ಬಾಗಿ ಓದಿಬಿಟ್ಟಿದ್ದಳು.

"ಅಪ್ಪ... ಮೇಲೆ ಹೆಡ್ಡಿಂಗ್ ಇದೆ."

"ಏನೆಂದು?"

"'ಈ ಕೆಳಗಿನ ಯಾವುದಕ್ಕೂ ಕಂಪನಿ ಹಣ ಕೊಡುವುದಿಲ್ಲ' ಅಂತ."

ಒಬ್ಬ ಪದವೀಧರ ಇಂಥ ಸಂದರ್ಭದಲ್ಲಿ ಆಡಬಹುದಾದ ಗೌರವಯುತ ಮಾತುಗಳು ಹಲವಿದ್ದವು. ನನ್ನ ಬಾಯಿಂದ ಬಂದದ್ದು ಇದು:

"ಯುದ್ಧಕ್ಕೂ ಇಲ್ಲವೆ?"

ಚಂದನ ನನ್ನನ್ನು ನೋಡಿದಳು. ಅವಳ ಕೆನ್ನೆ ನಡುಗಿತು. "ಯುದ್ಧಕ್ಕೂ ಇಲ್ಲಪ್ಪ" ಎಂದಳು. "ಕುದುರೆ ರೇಸಿಗೂ ಇಲ್ಲ. ಕಳ್ಳತನಕ್ಕೂ..." ಮುಂದೆ ಹೇಳಲಾಗಲಿಲ್ಲ.

ಕೌಂಟರಿನ ಯುವತಿ ನನಗೆ ಸಮಾಧಾನವಾಗಲೆಂದು, "ಹಲ್ಲಿಗೆ ಪೂರ್ತಿ ಇಲ್ಲ ಅಂತೇನಿಲ್ಲ ಸರ್. ಎಲ್ಲಾದ್ರೂ ಬಿದ್ದು ಆಕ್ಸಿಡೆಂಟ್ ಆದ್ರೆ ಕೊಡ್ತಾರೆ. ಅದಕ್ಕೊಂದಕ್ಕೇ" ಎಂದಳು.

ಅವ್ವನಿಗೆ ಪುಟದ ಇಂಗ್ಲಿಷ್ ತಿಳಿಯದಿದ್ದರೂ ಈ ಮಾತು ಅರ್ಥವಾಯಿತು. "ಅಯ್ಯೋ ನಿನ್ ಓದ್ಗೆ ಬೆಂಕಿ ಆಕ! ಬಿದ್ರೆ ಕೊಡ್ತಾರಂತೆ, ನೀನು ಸೈಕಲ್‌ಗೆ ಬೀಗ ಆಕ್ಬುಟ್ಯಲ್ಲೋ! ಗೋಣೀಚೀಲ ಬ್ಯಾರೆ ಆಸ್ದೆ!"

ಚಂದನ ನಕ್ಕುಬಿಟ್ಟಳು. ಸಣ್ಣ ನಗುವಲ್ಲ. ಕೌಂಟರಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು. ಬಾಯಿಗೆ ಅಡ್ಡ ಹಿಡಿಯಲು ಮೂರನೆಯದಿರಲಿಲ್ಲ. ಭಾಗ್ಯಳೂ ನಕ್ಕಳು. ಕಾಯುತ್ತಿದ್ದವರು ನಕ್ಕರು. ಸದ್ದು ಕೇಳಿ ಒಳಗಿನಿಂದ ವೈದ್ಯರು ಬಂದವರು, ಒಂದು ಕ್ಷಣ ನಿಂತು ನೋಡಿ, ಓಡಿಹೋಗಿ ಕ್ಯಾಮೆರಾ ತಂದರು.

"ಹಾಗೇ ಇರು ಪುಟ್ಟ, ಹಾಗೇ ಇರು! ಸರ್, ನೀವು ಇನ್ನೂ ಏನಾದ್ರೂ ಹೇಳಿ!"

ನಾನು ಏನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಸುಮ್ಮನೆ ನಿಂತಿದ್ದೆ. ಅದೇ ಸಾಕಾಯಿತು. ಶಿವರಾತ್ರಿಯಿಂದ ಬಾಕಿಯಿದ್ದ ಫೋಟೊ ಒಂದೇ ಕ್ಲಿಕ್ಕಿಗೆ ಬಂತು.

ಒಳಗೆ ವೈದ್ಯರು ಹೊಸ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ನನಗೆ ನಗುವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಭಾಗ್ಯ ಹೇಳಿದ ನಾಲ್ಕು ಹಲ್ಲು ಮಾತ್ರ ಕಣ್ಣ ಮುಂದಿದ್ದವು. ಒಬ್ಬ ಅಪ್ಪನ ಶೋಭೆಗಾಗಿ ಒಂದು ಮಗು ನಾಲ್ಕು ಒಳ್ಳೆಯ ಹಲ್ಲು ಕಳೆದುಕೊಳ್ಳುವುದೆಂದರೆ ಅದನ್ನು ಯಾವ ಕಂಪನಿ ತುಂಬಿಕೊಡುತ್ತದೆ?

"ಇನ್ನೂ ಜಾಗ ಇದೆ" ಎಂದರು ಕೊನೆಗೆ. "ಕೀಳದೇನೇ ಮಾಡಬಹುದು. ಆದ್ರೆ ಆಗಲೇ ಬಂದಿದ್ರೆ ಬೇಗ ಮುಗೀತಿತ್ತು. ಈಗ ಹತ್ತನೇ ಕ್ಲಾಸಿನ ತನಕ ಕ್ಲಿಪ್ ಇರುತ್ತೆ. ಇವತ್ತೇ ಶುರು ಮಾಡೋಣ್ವಾ?"

ಉತ್ತರ ಹೇಳಲು ನಾನು ಬಾಯಿ ತೆರೆದೆ. "ಮಾಡಿ ಮೇಡಂ" ಎಂದಳು ಭಾಗ್ಯ. ತಿಂಗಳು ತಿಂಗಳು ಕಟ್ಟುವ ಫಾರಮ್ಮನ್ನು ಅವಳೇ ಓದಿದಳು, ಅವಳೇ ಸಹಿ ಮಾಡಿದಳು. ಮೊದಲನೆಯ ಪುಟದಿಂದ ಓದಿದಳು ಎಂಬುದನ್ನು ನಾನು ಗಮನಿಸಿದೆ.

ಬಸ್ಸಿನಲ್ಲಿ ಚಂದನಳ ಪಕ್ಕ ಕುಳಿತು, "ಹತ್ತನೇ ತರಗತಿಯವರೆಗೂ ಇರುತ್ತದಂತೆ. ತಪ್ಪು ನನ್ನದು" ಎಂದೆ.

"ಪರವಾಗಿಲ್ಲಪ್ಪ" ಎಂದಳು, ಹೊಸ ತಂತಿಯ ಮೇಲೆ ನಾಲಿಗೆ ಆಡಿಸುತ್ತ. ಆಮೇಲೆ, "ಅಪ್ಪ, ನಿಂಗೆ ನಿಜವಾಗ್ಲೂ ಅನುಮಾನ ಬರ್ಲಿಲ್ವಾ? ಅಣುಬಾಂಬಿಗೂ?" ಎಂದಳು.

"ಬಂದಿತ್ತು."

"ಮತ್ತೆ ಯಾರನ್ನಾದ್ರೂ ಕೇಳ್ಬೋದಿತ್ತಲ್ಲ?"

ಬಸ್ಸು ತಿರುವಿನಲ್ಲಿ ವಾಲಿದಾಗ ಅವಳ ತಲೆ ನನ್ನ ಭುಜಕ್ಕೆ ಒರಗಿತು. ಊರು ಬರುವವರೆಗೂ ಹಾಗೆಯೇ ಇತ್ತು.

ಮರುದಿನ ಬೆಳಗ್ಗೆ ಇನ್ನೊಂದು ಕಠಿಣ ಕರ್ತವ್ಯ ಕಾದಿತ್ತು. ಪುಟ್ಟಮಾದಪ್ಪನವರ ಕಿವಿ! ನನ್ನ ಮಾತು ನಂಬಿ ಅವರು ಹಣ ಕಟ್ಟಿದ್ದಾರೆ. ನದಿಯ ದಾರಿಯಲ್ಲಿ ಅವರನ್ನು ನಿಲ್ಲಿಸಿ, ಆದದ್ದನ್ನೆಲ್ಲ ಒಪ್ಪಿಸಿ, "ಕ್ಷಮಿಸಬೇಕು, ಕಿವಿಯ ಯಂತ್ರಕ್ಕೂ ಇಲ್ಲ" ಎಂದೆ.

ಅವರು ಟವಲಿನಿಂದ ಮುಖ ಒರೆಸಿಕೊಂಡರು. "ಯೋಚ್ನೆ ಮಾಡ್ಬ್ಯಾಡಿ ಸಾ. ನಾನು ಸೇರ್ಕಂಡೇ ಇಲ್ಲ."

"ಸೇರಿಕೊಳ್ಳುತ್ತೇನೆ ಎಂದಿದ್ದಿರಿ?"

"ನಿಮ್ಗೆ ಬೇಜಾರಾಯ್ತದೆ ಅಂತ ಅಂದಿದ್ದೆ. ಬಾಂಬು ಅಂದಾಗ್ಲೇ ನಂಗೊತ್ತಾಯ್ತು ಸಾ, ಇದು ಕೊಡೋದ್ರ ಲಿಸ್ಟಲ್ಲ, ಕೊಡ್ದೆ ಇರೋದ್ರ ಲಿಸ್ಟು ಅಂತ."

"ಮತ್ತೆ ಆಗಲೇ ಹೇಳಬಾರದಿತ್ತೆ?"

ಅವರು ನಿಜವಾಗಿಯೂ ಗಾಬರಿಯಾದರು. "ನಾನಾ? ಏಳನೇ ಕ್ಲಾಸ್ ಫೇಲು ಸಾ ನಾನು. ನೀವು ಓದ್ದೋರು. ಓದ್ದೋರ್ಗೆ ಹೆಂಗ್ ಹೇಳದು?"

ನಾನು ಹೇಳಲಾರದೆ ಉಳಿದೆ, ಅವರು ಹೇಳಲಾರದೆ ಉಳಿದರು. ನಡುವೆ ಎಂಟು ತಿಂಗಳು ನನ್ನ ಮಗಳು ಬಾಯಿ ಮುಚ್ಚಿಕೊಂಡು ಕಾದಳು. ಈ ಲೆಕ್ಕ ನನಗೆ ಹೊಳೆದದ್ದು ಆ ದಾರಿಯಲ್ಲಿ. ಇಬ್ಬರೂ ಮುಂದಕ್ಕೆ ನಡೆಯದೆ, ಅಲ್ಲಿಂದಲೇ ಹಿಂತಿರುಗಿ, ಹೋಟೆಲಿನಲ್ಲಿ ಕಾಫಿ ಕುಡಿದೆವು.

ಇದಾದ ಮೇಲೆ ನಮ್ಮ ಕುಟುಂಬದಲ್ಲಿ ಆಗಿರುವ ಬದಲಾವಣೆಗಳನ್ನು ಉತ್ಪ್ರೇಕ್ಷೆಯಿಲ್ಲದೆ ನಿವೇದಿಸಿ ಮುಗಿಸುತ್ತೇನೆ. ಚಂದನಳಿಗೆ ಕ್ಲಿಪ್ ಹಾಕಿ ಆರು ತಿಂಗಳಾಗಿದೆ. ಒಂದು ಹಲ್ಲನ್ನೂ ಕಿತ್ತಿಲ್ಲ. ತಿಂಗಳಿಗೊಮ್ಮೆ ತಾಯಿ ಮಗಳು ನಂಜನಗೂಡಿಗೆ ಹೋಗಿ ತಂತಿ ಬಿಗಿಸಿಕೊಂಡು ಬರುತ್ತಾರೆ. ನಮ್ಮ ಮನೆಗೆ ಕಬ್ಬು, ಚಕ್ಕುಲಿ ಬರುತ್ತಿಲ್ಲ. ಗಟ್ಟಿ ಪದಾರ್ಥ ಜಗಿಯಬಾರದೆಂದು ವೈದ್ಯರು ಹೇಳಿದಾಗ ಅವ್ವ, "ಮುದ್ದೆ ಉಣ್ಣಲಿ. ಮುದ್ದೆ ಜಗಿಯೋರು ಯಾರವ್ರೆ?" ಎಂದಳು. ವೈದ್ಯರು ಅದನ್ನು ಚೀಟಿಯಲ್ಲಿ ಬರೆದುಕೊಟ್ಟರು. ಪಟ್ಟಣದ ಹುಡುಗಿಯಂತೆ ಅನ್ನವನ್ನೇ ಬೇಡುತ್ತಿದ್ದ ಚಂದನ ಈಗ ಎರಡು ಹೊತ್ತು ಮುದ್ದೆ ನುಂಗುತ್ತಾಳೆ.

ಪಾಲಿಸಿಯನ್ನು ಬಿಟ್ಟಿಲ್ಲ. ಯಾರಾದರೂ ಕಾಯಿಲೆ ಬಿದ್ದು ಆಸ್ಪತ್ರೆಗೆ ಸೇರಿದರೆ ಅದು ಉಪಯೋಗಕ್ಕೆ ಬರುತ್ತದಂತೆ. ಹೀಗೆಂದು ನಾನು ಹೇಳುತ್ತಿಲ್ಲ. ಭಾಗ್ಯ ಮತ್ತು ಚಂದನ ದಿನಕ್ಕೆ ಒಂದು ಪುಟದಂತೆ ನಲವತ್ತೆಂಟೂ ಪುಟ ಓದಿ, ತಿಳಿಯದ ಕಡೆ ಕಂಪನಿಗೆ ಫೋನು ಮಾಡಿ ಕೇಳಿ, ಹೇಳಿದ್ದಾರೆ. ಈಗ ಮನೆಗೆ ಬರುವ ಕಾಗದ ಪತ್ರಗಳೆಲ್ಲ ಮೊದಲು ಅವರಿಬ್ಬರ ಕೈಗೆ ಹೋಗುತ್ತವೆ. ನನಗೆ ಉಳಿದಿರುವುದು ತೋರಿಸಿದ ಕಡೆ ಸಹಿ ಹಾಕುವ ಅಧಿಕಾರ.

ನಾನೂ ಒಂದು ಹೊಸ ವಾಕ್ಯವನ್ನು ರೂಢಿಸಿಕೊಳ್ಳುತ್ತಿದ್ದೇನೆ. ಕಳೆದ ವಾರ ಹೆಡತಲೆಯಿಂದ ನಮ್ಮ ಚಿಕ್ಕಪ್ಪ ಯಾವುದೋ ನೋಟೀಸು ತಂದು ಕೈಗಿತ್ತರು. ಓದಿದೆ. ವಾಪಸು ಕೊಟ್ಟು, "ನನಗೆ ಅರ್ಥವಾಗಲಿಲ್ಲ ಚಿಕ್ಕಪ್ಪ" ಎಂದೆ. ಅವ್ವ ಅಡುಗೆಮನೆಯಿಂದ ಓಡಿಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಇದ್ದಿದ್ದರೆ ಅದಕ್ಕೆ ವಿಮೆ ಸಿಗುತ್ತಿತ್ತೇ ಎಂಬುದು ನನಗೆ ಗೊತ್ತಿಲ್ಲ.